ಹನ್ನೆರಡು ಪೌಂಡರ್ ಫಿರಂಗಿಯ ಹಡಗು: ತುಮಕೂರಿನಲ್ಲಿ ಮಾಡಿಸಿದ ‘ಬೆಂಗಾಲ್’ ಮಾದರಿಯ ವಿಮರ್ಶೆ

ನಮ್ಮ ಪ್ರೌಢಶಾಲೆಯ ಗ್ರಂಥಾಲಯಕ್ಕಾಗಿ ತುಮಕೂರಿನ ಶೆಟ್ಟಿಹಳ್ಳಿ ಕಡೆಯ ಒಂದು ಮರಗೆಲಸದ ಕಾರ್ಯಾಗಾರದಲ್ಲಿ ಮಾಡಿಸಿದ ಹಡಗಿನ ಮಾದರಿಯನ್ನು ಕುರಿತ ವಿಮರ್ಶೆ ಇದು. ಹಡಗಿನ ಹೆಸರು ಎಚ್‌ಎಂಐಎಸ್ (ಬ್ರಿಟಿಷ್ ದೊರೆಯ ಭಾರತೀಯ ಹಡಗು ಎಂದರ್ಥ) ಬೆಂಗಾಲ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಯಲ್ ಇಂಡಿಯನ್ ನೇವಿಗೆ ಸೇರಿದ್ದ, ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗುತ್ತಿದ್ದ ಒಂದು ಸಣ್ಣ ಯುದ್ಧನೌಕೆ. ಮಾದರಿಯ ಪ್ರಮಾಣ 1:96, ಉದ್ದ 59 ಸೆಂಟಿಮೀಟರ್, ಗಾಜಿನ ಪೆಟ್ಟಿಗೆಯೂ ಸೇರಿ ಬೆಲೆ 22,000 ರೂಪಾಯಿ. ಹಣ ಕೊಟ್ಟವರು ಶಾಲೆಯ ಹಳೆಯ ವಿದ್ಯಾರ್ಥಿಗಳು, ಯಾವ ಹಡಗು ಬೇಕೆಂದು ಆರಿಸಿ ಕೆಲಸದ ಉಸ್ತುವಾರಿ ನೋಡಿಕೊಂಡವನು ಸಮಾಜವಿಜ್ಞಾನ ಪಾಠ ಮಾಡುವ ನಾನು. ಒಡಲಿನ ಆಕಾರದಲ್ಲೂ ಮುಂಭಾಗದ ಫಿರಂಗಿಯಲ್ಲೂ ಈ ಮಾದರಿ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಬಂದಿದೆ. ಕಟಕಟೆ ಮತ್ತು ಗಾಜಿನ ಪೆಟ್ಟಿಗೆಯ ವಿಷಯದಲ್ಲಿ ಕೊಟ್ಟ ಹಣಕ್ಕೆ ತಕ್ಕ ಕೆಲಸ ಆಗಿಲ್ಲ. ಒಪ್ಪಿಕೊಂಡ ಗಡುವು ಸಂಕ್ರಾಂತಿ, ಮಾದರಿ ಕೈಸೇರಿದ್ದು ಯುಗಾದಿ ಕಳೆದ ಮೇಲೆ.

ಹಡಗಿನ ಮಾದರಿ ಮಾಡಿಸುವವರು ಎಲ್ಲಕ್ಕಿಂತ ಮೊದಲು ಒಂದು ದಿನಾಂಕವನ್ನು ಗೊತ್ತುಮಾಡಿಕೊಳ್ಳಬೇಕು. ಯುದ್ಧಕಾಲದ ಹಡಗು ಒಂದೇ ರೂಪದಲ್ಲಿ ಉಳಿಯುವುದಿಲ್ಲ. ದುರಸ್ತಿಗೆಂದು ಬಂದರಿಗೆ ಬಂದಾಗಲೆಲ್ಲ ಫಿರಂಗಿ ಬದಲಾಗುತ್ತದೆ, ಹೊಸ ಉಪಕರಣ ಏರುತ್ತದೆ, ಬಣ್ಣ ಬೇರೆಯಾಗುತ್ತದೆ, ಕೊನೆಗೆ ಬಾವುಟವೂ ಹೆಸರಿನ ಮುಂದಿನ ಅಕ್ಷರಗಳೂ ಬೇರೆಯಾಗುತ್ತವೆ. ಬೆಂಗಾಲ್ ಹಡಗಿಗೆ ನಾನು ಗೊತ್ತುಮಾಡಿದ ದಿನಾಂಕ 1942ರ ನವೆಂಬರ್ 11. ಆ ದಿನ ಮಧ್ಯಾಹ್ನದ ಹೊತ್ತಿಗೆ ಹಿಂದೂ ಮಹಾಸಾಗರದ ನಡುವೆ ಈ ಹಡಗು ಹೇಗಿತ್ತೋ ಮಾದರಿಯೂ ಹಾಗೆಯೇ ಇರಬೇಕು, ಅದಕ್ಕಿಂತ ಒಂದು ವರ್ಷ ಮುಂಚಿನದೋ ಹತ್ತು ವರ್ಷ ಅನಂತರದ್ದೋ ಆಗಬಾರದು ಎಂದು ಮುಂಗಡ ಕೊಡುವಾಗಲೇ ಬರೆದು ಕೊಟ್ಟಿದ್ದೆ. ಮಾದರಿಯ ಗುಣದೋಷಗಳನ್ನು ಈ ಒಂದು ಅಳತೆಗೋಲಿನಿಂದಲೇ ಅಳೆಯುತ್ತಿದ್ದೇನೆ.

ಆ ಹಡಗಿನ ಹುಟ್ಟು ಹೀಗೆ. ಯುದ್ಧ ಆರಂಭವಾದಾಗ ರಾಯಲ್ ಇಂಡಿಯನ್ ನೇವಿ ಬಹಳ ಚಿಕ್ಕ ಪಡೆ. 1939ರಲ್ಲಿ ಅದರಲ್ಲಿದ್ದವರು 114 ಅಧಿಕಾರಿಗಳು ಮತ್ತು 1,732 ನಾವಿಕರು ಮಾತ್ರ. ಹಡಗುಗಳ ಕೊರತೆ ಇನ್ನೂ ದೊಡ್ಡದಾಗಿತ್ತು. ಅದೇ ಹೊತ್ತಿಗೆ ಆಸ್ಟ್ರೇಲಿಯಾ ತನ್ನ ಕರಾವಳಿಯ ರಕ್ಷಣೆಗೆ ಬಾಥರ್ಸ್ಟ್ ವರ್ಗದ ಹಡಗುಗಳನ್ನು ಕಟ್ಟತೊಡಗಿತ್ತು. ನೀರಿನಲ್ಲಿ ಹುದುಗಿಸಿಟ್ಟ ಸಿಡಿಬಾಂಬುಗಳನ್ನು ತೆಗೆಯುವುದು, ಜಲಾಂತರ್ಗಾಮಿಗಳನ್ನು ಹುಡುಕುವುದು, ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗುವುದು, ಈ ಎಲ್ಲ ಕೆಲಸಕ್ಕೂ ಒಂದೇ ಹಡಗು ಒದಗಬೇಕೆಂಬುದು ಅದರ ವಿನ್ಯಾಸದ ಉದ್ದೇಶ. ದಾಖಲೆಗಳಲ್ಲಿ ಅದು ಮೈನ್‌ಸ್ವೀಪರ್, ಜನರ ಬಾಯಲ್ಲಿ ಕಾರ್ವೆಟ್. ಉದ್ದ 186 ಅಡಿ, ಅಗಲ 31 ಅಡಿ, ವೇಗ ಹೆಚ್ಚೆಂದರೆ 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್‌ನಷ್ಟು. ದೊಡ್ಡ ನೌಕಾಂಗಣಗಳಿಲ್ಲದ ಊರುಗಳಲ್ಲೂ ಕಟ್ಟಬಹುದಾದಷ್ಟು ಸರಳ ರಚನೆ. ಈ ವರ್ಗದ 60 ಹಡಗುಗಳು ನೀರಿಗಿಳಿದವು, ಅವುಗಳಲ್ಲಿ ನಾಲ್ಕು ಭಾರತದ ಪಾಲಿಗೆ ಬಂದವು. ಬೆಂಗಾಲ್, ಬಾಂಬೆ, ಮದ್ರಾಸ್ ಮತ್ತು ಪಂಜಾಬ್ ಎಂದು ಅವಕ್ಕೆ ಪ್ರಾಂತ್ಯಗಳ ಹೆಸರಿಟ್ಟರು. ಬೆಂಗಾಲ್ ತಯಾರಾದದ್ದು ಸಿಡ್ನಿಯ ಕಾಕಟೂ ನೌಕಾಂಗಣದಲ್ಲಿ. 1942ರ ಆಗಸ್ಟ್‌ನಲ್ಲಿ ಅದು ಸೇವೆಗೆ ಸೇರಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಇನ್ನೂ ಭಾರತದ ಬಂದರನ್ನೇ ಕಾಣದ ಹೊಸ ಹಡಗಾಗಿ ದೊಡ್ಡ ಕಾಳಗದಲ್ಲಿ ಸಿಕ್ಕಿಕೊಂಡಿತು.

ಒಡಲಿನ ಕೆಲಸವನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಆಚಾರ್ರು ಇದಕ್ಕೆ ಆರಿಸಿದ್ದು ಶಿವನೆ ಮರ. ಹಗುರ, ಉಳಿಗೆ ಒಗ್ಗುತ್ತದೆ, ಒಣಗಿದ ಮೇಲೆ ಬಿರಿಯುವುದು ಕಡಿಮೆ. ಒಂದೇ ದಿಮ್ಮಿಯನ್ನು ಕೆತ್ತುವ ಬದಲು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಾಗದದ ಮೇಲೆ ಬರೆದ ಅಡ್ಡಸೀಳು ಚಿತ್ರಗಳ ಪ್ರಕಾರ ರಟ್ಟಿನ ಅಚ್ಚುಗಳನ್ನು ಕತ್ತರಿಸಿಕೊಂಡು, ಪ್ರತಿ ಹಂತದಲ್ಲೂ ಆ ಅಚ್ಚನ್ನು ಒಡಲಿಗೆ ಒತ್ತಿ ಬೆಳಕು ನುಸುಳುವ ಕಡೆ ಮಾತ್ರ ತೋಪಡ ಹೊಡೆದು ಸರಿಮಾಡಿದರು. ಅದರಿಂದಾಗಿ ಎಡ ಬಲ ಎರಡೂ ಬದಿಯ ಬಾಗು ಸಮನಾಗಿದೆ. ಮೂತಿಯ ಕಡೆ ಎತ್ತರವಾಗಿದ್ದು ನಡುವಿಗೆ ಬರುತ್ತ ಒಂದು ಮೆಟ್ಟಿಲಿನಷ್ಟು ಇಳಿಯುವ ಡೆಕ್ಕು, ಆ ಮೆಟ್ಟಿಲಿನ ಬಳಿ ಹಡಗನ್ನು ನಡೆಸುವವರು ನಿಲ್ಲುವ ಬ್ರಿಜ್, ಅದರ ಹಿಂದೆ ಒಂದೇ ಹೊಗೆಕೊಳವೆ, ಇವೆಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಆಸ್ಟ್ರೇಲಿಯಾದಲ್ಲಿ ಈ ವರ್ಗದ ಎರಡು ಹಡಗುಗಳನ್ನು, ಕ್ಯಾಸಲ್‌ಮೇನ್ ಮತ್ತು ವಯಾಲಾ ಎಂಬವನ್ನು, ಇಂದಿಗೂ ವಸ್ತುಸಂಗ್ರಹಾಲಯಗಳಾಗಿ ಉಳಿಸಿಕೊಂಡಿದ್ದಾರೆ. ಅವುಗಳ ಛಾಯಾಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಕೊಟ್ಟಿದ್ದೆ. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ಬಾಗಿಲು, ಕಿಟಕಿ, ದೇವರ ಮಂಟಪಗಳನ್ನು ಮಾಡುತ್ತ ಬಂದ ಕೈಗಳು ನೀರನ್ನು ಸೀಳುವ ಆಕಾರವನ್ನು ಇಷ್ಟು ಖಚಿತವಾಗಿ ಹಿಡಿದಿರುವುದು ಸಾಮಾನ್ಯ ಸಂಗತಿಯೇನಲ್ಲ.

ನಮ್ಮಿಬ್ಬರ ನಡುವೆ ದೀರ್ಘ ಮಾತುಕತೆ ನಡೆದದ್ದು ಫಿರಂಗಿಯ ವಿಷಯದಲ್ಲಿ. ಬಾಥರ್ಸ್ಟ್ ವರ್ಗದ ನಕ್ಷೆಗಳಲ್ಲಿ ಮೂತಿಯ ಡೆಕ್ಕಿನ ಮೇಲೆ ತೋರಿಸುವುದು 4 ಇಂಚಿನ ಫಿರಂಗಿಯನ್ನು. ಬೆಂಗಾಲ್ ಹಡಗಿಗೆ ಸಿಕ್ಕಿದ್ದು ಅದಕ್ಕಿಂತ ಚಿಕ್ಕದಾದ ಹನ್ನೆರಡು ಪೌಂಡರ್ ಫಿರಂಗಿ. ಅದರ ನಳಿಗೆಯ ಬಾಯಿ 3 ಇಂಚು, ಗುಂಡಿನ ತೂಕ ಸುಮಾರು 5.7 ಕೆ.ಜಿ. ಇದಲ್ಲದೆ ವಿಮಾನಗಳನ್ನು ಹೊಡೆಯಲು ಓರ್ಲಿಕಾನ್‌ನಂತಹ ಲಘು ಬಂದೂಕುಗಳಿದ್ದವು, ಅಷ್ಟೆ. ಆಚಾರ್ರು ನಕ್ಷೆಯ ಪ್ರಕಾರ 4 ಇಂಚಿನ ಫಿರಂಗಿಯನ್ನೇ ಮಾಡಿ ಕೂರಿಸಿದ್ದರು. ನಮ್ಮ ಪ್ರಮಾಣದಲ್ಲಿ ಆ ನಳಿಗೆಯ ಉದ್ದ 4.2 ಸೆಂಟಿಮೀಟರ್, ಹನ್ನೆರಡು ಪೌಂಡರ್‌ನದು 3.2 ಸೆಂಟಿಮೀಟರ್. “ಮೇಷ್ಟ್ರೇ, ಒಂದು ಸೆಂಟಿಮೀಟ್ರು ಉದ್ದ ಇದ್ರೆ ಹಡಗಿಗೆ ಒಂದು ಕಳೆ ಬರುತ್ತೆ, ಇರ್ಲಿ ಬಿಡಿ” ಎಂದರು. “ಕಳೆ ಬೇಡ ಆಚಾರ್ರೇ, ಅವತ್ತು ಎಷ್ಟಿತ್ತೋ ಅಷ್ಟೇ ಇರ್ಲಿ” ಎಂದು ನಾನು ಕಾಳಗದ ಕಥೆಯನ್ನು ಹೇಳಿದೆ. ಕೇಳಿ ಮುಗಿಸಿದ ಮೇಲೆ ಅವರು ಮರುಮಾತಾಡಲಿಲ್ಲ. ಮೊದಲಿನ ಫಿರಂಗಿಯನ್ನು ಬುಡಸಮೇತ ಕಿತ್ತು ತೆಗೆದರು. ಹೊಸದಕ್ಕೆ ಹಳೆಯ ಸೈಕಲ್ಲಿನ ಕಡ್ಡಿಯೊಂದನ್ನು ಆರಿಸಿಕೊಂಡು, ತಿರುಗುವ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಅರದಿಂದ ತುದಿಯ ಕಡೆಗೆ ಸಣ್ಣಗಾಗುವಂತೆ ಉಜ್ಜಿದರು. ಬಾಯಿಯ ಗುರುತಿಗೆ ಸೂಜಿಯ ಮೊನೆಯಷ್ಟು ಗುಳಿ ಕೊರೆದು, ಹಿಂಬದಿಯ ದಪ್ಪ ಭಾಗವನ್ನು ಹಿತ್ತಾಳೆಯ ತುಂಡಿನಿಂದ ಮಾಡಿ ಬೆಸುಗೆ ಹಾಕಿದರು. ಇಡೀ ಮಾದರಿಯಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದವಿಲ್ಲದ ಆ ಫಿರಂಗಿಯ ಮೇಲೆ.

ಒಂದು ಸೆಂಟಿಮೀಟರ್‌ಗೆ ಅಷ್ಟು ಪಟ್ಟು ಹಿಡಿದದ್ದಕ್ಕೆ ಕಾರಣ ಆ ಕಾಳಗದ ವಿವರಗಳಲ್ಲೇ ಇದೆ. 1942ರ ನವೆಂಬರ್ ಮೊದಲ ವಾರದಲ್ಲಿ ಬೆಂಗಾಲ್ ಹಡಗು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಡಿಯಾಗೊ ಗಾರ್ಸಿಯಾ ದ್ವೀಪದ ಕಡೆಗೆ ಹೊರಟಿತ್ತು. ಅದರ ಜೊತೆಗಿದ್ದದ್ದು ಒಂಡಿನಾ ಎಂಬ ಡಚ್ ತೈಲ ಟ್ಯಾಂಕರ್, 6,341 ಟನ್ ಧಾರಣೆಯದು. ಬೆಂಗಾವಲು ಎಂದರೆ ಹತ್ತಾರು ಹಡಗುಗಳ ಸಾಲು, ಸುತ್ತ ಯುದ್ಧನೌಕೆಗಳು ಎಂದು ಮಕ್ಕಳು ಕಲ್ಪಿಸಿಕೊಳ್ಳುತ್ತಾರೆ. ಅಟ್ಲಾಂಟಿಕ್ ಸಾಗರದಲ್ಲಿ ಹಾಗೆ ಇದ್ದದ್ದೂ ನಿಜ. ಹಿಂದೂ ಮಹಾಸಾಗರದಲ್ಲಿ ಅಷ್ಟು ಹಡಗುಗಳೆಲ್ಲಿದ್ದವು? ಒಂದು ಟ್ಯಾಂಕರ್‌ಗೆ ಒಂದು ಕಾರ್ವೆಟ್ ಜೊತೆ ಸಿಕ್ಕಿದರೆ ಅದೇ ಹೆಚ್ಚು. ಒಂಡಿನಾದ ಹಿಂಭಾಗದಲ್ಲೂ ಒಂದು 4 ಇಂಚಿನ ಫಿರಂಗಿ ಇತ್ತು. ಆಸ್ಟ್ರೇಲಿಯಾದ ನಾವಿಕನೊಬ್ಬ ಅದರ ತಂಡದ ಮುಖ್ಯಸ್ಥ. ಅಂದರೆ ರಕ್ಷಣೆಗೆ ಬಂದ ಹಡಗಿಗಿಂತ ರಕ್ಷಣೆ ಪಡೆಯುವ ಹಡಗಿನ ಫಿರಂಗಿಯೇ ದೊಡ್ಡದು.

ನವೆಂಬರ್ 11ರಂದು ಕೊಕೊಸ್ ದ್ವೀಪಗಳಿಂದ ನೈಋತ್ಯಕ್ಕೆ ಬಹುದೂರದಲ್ಲಿ ಇವರೆದುರಿಗೆ ಬಂದವು ಜಪಾನಿನ ಎರಡು ದಾಳಿನೌಕೆಗಳು, ಹೊಕೊಕು ಮಾರು ಮತ್ತು ಐಕೊಕು ಮಾರು. ಇವು ಮೂಲತಃ ಒಸಾಕಾದ ಹಡಗು ಕಂಪನಿಯೊಂದಕ್ಕಾಗಿ ಕಟ್ಟಿದ ಪ್ರಯಾಣಿಕ ಹಡಗುಗಳು, ಒಂದೊಂದೂ 10,000 ಟನ್ನಿಗೂ ಮೀರಿದ್ದು. ಯುದ್ಧ ಬಂದಾಗ 14 ಸೆಂಟಿಮೀಟರ್ ಫಿರಂಗಿಗಳು, ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪೆಡೊಗಳ ಕೊಳವೆಗಳು, ನೀರಿನ ಮೇಲೆ ಇಳಿಯಬಲ್ಲ ವಿಮಾನಗಳು ಇವನ್ನೆಲ್ಲ ಹೇರಿ ಅವನ್ನು ವಾಣಿಜ್ಯ ಹಡಗುಗಳ ಬೇಟೆಗೆ ಬಿಟ್ಟಿದ್ದರು. ಅದೇ ವರ್ಷ ಜೆನೋಟಾ, ಎಲಿಸಿಯಾ, ಹೌರಾಕಿ ಎಂಬ ಹಡಗುಗಳು ಇದೇ ಸಾಗರದಲ್ಲಿ ಇವುಗಳ ಕೈಗೆ ಸಿಕ್ಕಿದ್ದವು. ಇವುಗಳ ಒಂದು ಗುಂಡಿನ ತೂಕ 38 ಕೆ.ಜಿ. ಬೆಂಗಾಲ್ ಹಡಗಿನ ಗುಂಡಿನ ಆರು ಪಟ್ಟಿಗಿಂತ ಹೆಚ್ಚು. ವೇಗದಲ್ಲೂ ಅವೇ ಮುಂದು, ಓಡಿ ತಪ್ಪಿಸಿಕೊಳ್ಳುವ ದಾರಿ ಬೆಂಗಾಲ್‌ಗಾಗಲಿ ಒಂಡಿನಾಕ್ಕಾಗಲಿ ಇರಲಿಲ್ಲ.

ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್. ಟ್ಯಾಂಕರ್ ತಪ್ಪಿಸಿಕೊಂಡು ಹೋಗಲಿ ಎಂದು ಸೂಚನೆ ಕೊಟ್ಟು, ತನ್ನ ಹಡಗಿನ ಮೂತಿಯನ್ನು ಶತ್ರುವಿನ ಕಡೆಗೆ ತಿರುಗಿಸಿ ಮುನ್ನುಗ್ಗಿದ. ಬೆಂಗಾವಲು ಹಡಗಿನ ಧರ್ಮವೇ ಅದು. ಗೆಲ್ಲುವುದು ಅದರ ಲೆಕ್ಕದಲ್ಲಿರುವುದಿಲ್ಲ, ತನ್ನ ಹಿಂದೆ ಇರುವ ಹಡಗಿಗೆ ಒಂದಿಷ್ಟು ಸಮಯ ಒದಗಿಸುವುದಷ್ಟೇ ಇರುತ್ತದೆ. ಒಂಡಿನಾದ ನಾಯಕ ವಿಲೆಮ್ ಹೋರ್ಸ್‌ಮನ್ ಕೂಡ ಸುಮ್ಮನೆ ಓಡಿಹೋಗದೆ ತನ್ನ ಹಿಂಭಾಗದ ಫಿರಂಗಿಯಿಂದ ಗುಂಡು ಹಾರಿಸತೊಡಗಿದ. ಕೆಲವೇ ನಿಮಿಷಗಳಲ್ಲಿ ಒಂದು ಗುಂಡು ಹೊಕೊಕು ಮಾರುವಿನ ಟಾರ್ಪೆಡೊಗಳಿದ್ದ ಜಾಗಕ್ಕೆ ತಾಗಿತು. ದೊಡ್ಡ ಸ್ಫೋಟ, ಬೆಂಕಿ, ಆ ಬೆಂಕಿಯಿಂದ ಮತ್ತೊಂದು ಸ್ಫೋಟ. ತನ್ನ ಎದುರಾಳಿಗಿಂತ ಹತ್ತಾರು ಪಟ್ಟು ದೊಡ್ಡದಾಗಿದ್ದ ಆ ದಾಳಿನೌಕೆ ಮುಳುಗಿತು, ಅದರ ಕ್ಯಾಪ್ಟನ್ ಇಮಾಝಾತೊ ಕೂಡ ಉಳಿಯಲಿಲ್ಲ.

ಮುಂದಿನ ಭಾಗ ಇನ್ನೂ ಕಠಿಣವಾದದ್ದು. ಐಕೊಕು ಮಾರು ಹತ್ತಿರ ಬಂದು ಗುಂಡಿನ ಮಳೆಗರೆಯಿತು. ಬೆಂಗಾಲ್‌ನ ಹಿಂಭಾಗಕ್ಕೆ ಪೆಟ್ಟು ಬಿತ್ತು, ಅದರ ಬಳಿಯಿದ್ದ ಗುಂಡುಗಳು ಬಹುತೇಕ ಖಾಲಿಯಾದವು. ಹೊಗೆಯ ಮರೆಯಲ್ಲಿ ಅದು ಹಿಂದೆ ಸರಿಯಿತು. ಅತ್ತ ಒಂಡಿನಾದ ಗುಂಡುಗಳೂ ಮುಗಿದಿದ್ದವು. ಹಡಗನ್ನು ಬಿಟ್ಟು ದೋಣಿಗಳಿಗೆ ಇಳಿಯಲು ಆಜ್ಞೆ ಕೊಟ್ಟ ಹೋರ್ಸ್‌ಮನ್ ಬ್ರಿಜ್‌ಗೆ ಬಡಿದ ಗುಂಡಿಗೆ ಬಲಿಯಾದ. ಟ್ಯಾಂಕರ್‌ಗೆ ಎರಡು ಟಾರ್ಪೆಡೊಗಳು ಬಡಿದವು, ದೋಣಿಗಳಲ್ಲಿದ್ದವರ ಮೇಲೆ ಮೆಷಿನ್‌ಗನ್ ದಾಳಿಯಾಯಿತು. ಹಡಗು ಹೇಗೂ ಮುಳುಗುತ್ತದೆಂದು ಭಾವಿಸಿ, ತನ್ನ ಜೊತೆಗಾರ ನೌಕೆಯಲ್ಲಿ ಬದುಕುಳಿದವರನ್ನು ಹತ್ತಿಸಿಕೊಂಡು ಐಕೊಕು ಮಾರು ಹೊರಟುಹೋಯಿತು. ಒಂಡಿನಾ ಮುಳುಗಲಿಲ್ಲ. ತೈಲ ಟ್ಯಾಂಕರ್‌ನ ಒಡಲು ಬೇರೆ ಬೇರೆ ಕೋಣೆಗಳಾಗಿ ವಿಂಗಡವಾಗಿರುವುದರಿಂದ ಒಂದೆರಡರಲ್ಲಿ ನೀರು ನುಗ್ಗಿದರೂ ಉಳಿದವು ಹಡಗನ್ನು ತೇಲಿಸಬಲ್ಲವು. ಮುಖ್ಯ ಅಧಿಕಾರಿ ರೇವಿಂಕಲ್ ಮುಂದಾಗಿ, ಬದುಕುಳಿದವರು ಮತ್ತೆ ಹಡಗು ಹತ್ತಿ, ಬೆಂಕಿ ಆರಿಸಿ, ವಾಲಿದ್ದನ್ನು ಸರಿಪಡಿಸಿ, ಬಂದ ದಾರಿಯಲ್ಲೇ ಹಿಂತಿರುಗಿ ನವೆಂಬರ್ 18ರಂದು ಫ್ರೀಮ್ಯಾಂಟಲ್ ಸೇರಿದರು. ಅದರ ಹಿಂದಿನ ದಿನವೇ ಬೆಂಗಾಲ್ ಡಿಯಾಗೊ ಗಾರ್ಸಿಯಾ ಮುಟ್ಟಿತ್ತು. ಅದರಲ್ಲಿದ್ದ ಒಬ್ಬರೂ ಪ್ರಾಣ ಕಳೆದುಕೊಂಡಿರಲಿಲ್ಲ. ವಿಲ್ಸನ್‌ಗೆ ಡಿಎಸ್‌ಒ (ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್) ಪದಕ ಬಂತು, ಭಾರತೀಯ ನಾವಿಕರಿಗೂ ಶೌರ್ಯ ಪದಕಗಳು ಸಂದವು.

ಇದೆಲ್ಲ ಗೊತ್ತಿದ್ದೂ ಮಾದರಿಯ ಮೇಲೆ 4 ಇಂಚಿನ ಫಿರಂಗಿಯನ್ನು ಬಿಟ್ಟಿದ್ದರೆ ಅದು ಬೆಂಗಾಲ್ ಆಗುತ್ತಿರಲಿಲ್ಲ, ಬಾಥರ್ಸ್ಟ್ ವರ್ಗದ ಯಾವುದೋ ಒಂದು ಹಡಗಾಗುತ್ತಿತ್ತು. ಇನ್ನೊಂದು ಕಾರಣವೂ ಇದೆ. ಹೊಕೊಕು ಮಾರುವನ್ನು ಕೆಡವಿದ ಆ ಗುಂಡು ಯಾರದು ಎಂಬುದರ ಬಗ್ಗೆ ಯುದ್ಧಕಾಲದಿಂದಲೂ ವಾದವಿದೆ. ಭಾರತೀಯ ನೌಕಾಪಡೆಯ ಕಡೆಯವರು ಬೆಂಗಾಲ್‌ನದು ಎಂದಿದ್ದಾರೆ, ಡಚ್ಚರ ಕಡೆಯವರು ಒಂಡಿನಾದ್ದು ಎಂದಿದ್ದಾರೆ. ಮಾದರಿಯನ್ನು ನೋಡಲು ಬರುವ ವಿದ್ಯಾರ್ಥಿಗೆ ಆ ವಾದ ಅರ್ಥವಾಗಬೇಕಾದರೆ ಎದುರಿಗೆ ನಿಜವಾದ ಫಿರಂಗಿ ಇರಬೇಕು. ಪೀಠಕ್ಕೆ ಅಂಟಿಸುವ ಹಿತ್ತಾಳೆ ಫಲಕದ ಮೇಲೆ ‘ಹೊಕೊಕು ಮಾರುವನ್ನು ಮುಳುಗಿಸಿದ ಹಡಗು’ ಎಂದು ಕೆತ್ತಿಸೋಣ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ‘ಒಂಡಿನಾ ಟ್ಯಾಂಕರ್‌ನೊಂದಿಗೆ ಸೇರಿ ಎರಡು ದಾಳಿನೌಕೆಗಳನ್ನು ಎದುರಿಸಿದ ಹಡಗು’ ಎಂದು ಕೆತ್ತಿಸಿದೆವು. ಗುಂಡು ಯಾರದೇ ಆಗಿರಲಿ, ಆ ಚಿಕ್ಕ ಫಿರಂಗಿಯನ್ನು ಹೊತ್ತು ಶತ್ರುವಿನ ಕಡೆಗೆ ತಿರುಗಿದ್ದು ಬೆಂಗಾಲ್. ನನ್ನ ದೃಷ್ಟಿಯಲ್ಲಿ ಆ ಹಡಗಿನ ಸೇವೆಯ ತಿರುಳು ಇರುವುದು ಆ ತಿರುವಿನಲ್ಲಿ. ಫಲಕದ ಕೆತ್ತನೆ ಆಳವಾಗಿ, ಒತ್ತಕ್ಷರಗಳೂ ಚೊಕ್ಕವಾಗಿ ಬಂದಿವೆ.

ಬಾವುಟದ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಎದುರಾಯಿತು. ಆಚಾರ್ರು ತಾವಾಗಿಯೇ ರೇಷ್ಮೆಯ ತುಂಡಿನಲ್ಲಿ ಸೊಗಸಾದ ತ್ರಿವರ್ಣ ಧ್ವಜ ಮಾಡಿ ಹಿಂಭಾಗದ ಕೋಲಿಗೆ ಕಟ್ಟಿಟ್ಟಿದ್ದರು. 1942ರಲ್ಲಿ ರಾಯಲ್ ಇಂಡಿಯನ್ ನೇವಿಯ ಹಡಗುಗಳ ಹಿಂಭಾಗದಲ್ಲಿ ಹಾರುತ್ತಿದ್ದದ್ದು ಬ್ರಿಟಿಷ್ ನೌಕಾಪಡೆಯ ಬಿಳಿ ಬಾವುಟ, ಕೆಂಪು ಶಿಲುಬೆಯದು. ನಮ್ಮ ಮಕ್ಕಳ ಮುಂದೆ ಆ ಬಾವುಟವನ್ನು ಇಡುವುದೇ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರು, ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಕಾಳಗದಲ್ಲಿ ಫಿರಂಗಿಯ ಹಿಂದೆ ನಿಂತಿದ್ದ ನಾವಿಕರು ಪರರ ಬಾವುಟದ ಕೆಳಗೆ ನಿಂತೇ ಹೋರಾಡಿದವರು. ಮೂರು ವರ್ಷ ಕಳೆದ ಮೇಲೆ, 1946ರ ಫೆಬ್ರವರಿಯಲ್ಲಿ ಇದೇ ನೌಕಾಪಡೆಯ ನಾವಿಕರು ಬೊಂಬಾಯಿಯ ತಲ್ವಾರ್ ತರಬೇತಿ ಕೇಂದ್ರದಿಂದ ಆರಂಭಿಸಿ ಬ್ರಿಟಿಷ್ ಆಡಳಿತದ ವಿರುದ್ಧ ಬಂಡೆದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಪಾಠ ಮಾಡುತ್ತೇನೆ. ಬಾವುಟವನ್ನು ಮರೆಮಾಚಿದರೆ ಬಂಡಾಯದ ಕಾರಣವೂ ಮರೆಯಾಗುತ್ತದೆ. ಆದ್ದರಿಂದ ಮಾದರಿಯ ಮೇಲೆ ಬಿಳಿ ಬಾವುಟವೇ ಇದೆ. ಆಚಾರ್ರು ಮಾಡಿದ ತ್ರಿವರ್ಣ ಧ್ವಜವನ್ನು ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಕಟ್ಟುಹಾಕಿಸಿ ಇಟ್ಟಿದ್ದೇವೆ. ಸ್ವಾತಂತ್ರ್ಯಾನಂತರ ಬೆಂಗಾಲ್ ಭಾರತದ ಪಾಲಿಗೆ ಬಂದು, ಐಎನ್‌ಎಸ್ ಬೆಂಗಾಲ್ ಆಗಿ ಸೇವೆ ಮುಂದುವರಿಸಿ, 1960ರಲ್ಲಿ ಗುಜರಿಗೆ ಹೋಯಿತೆಂಬ ವಿವರವನ್ನು ಅದರ ಕೆಳಗೆ ಬರೆಸಿದ್ದೇವೆ. ಅಂತಹ ಹಡಗನ್ನು ಉಳಿಸಿಕೊಳ್ಳಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ.

ಹಿಂಭಾಗದ ಡೆಕ್ಕಿನ ಕೆಲಸ ಮಧ್ಯಮ ಮಟ್ಟದ್ದು. ಸಿಡಿಬಾಂಬುಗಳ ಕಟ್ಟುಹಗ್ಗವನ್ನು ನೀರಿನೊಳಗೇ ಕತ್ತರಿಸಲು ಎಳೆದೊಯ್ಯುವ ಉಕ್ಕಿನ ತಂತಿ, ಅದನ್ನು ಸುತ್ತುವ ರಾಟೆ, ಜಲಾಂತರ್ಗಾಮಿಗಳ ಮೇಲೆ ಬೀಳಿಸುವ ಡೆಪ್ತ್ ಚಾರ್ಜ್‌ಗಳ ಸಾಲು, ಇವಿಷ್ಟೂ ಅಲ್ಲಿ ಇಕ್ಕಟ್ಟಾಗಿ ಸೇರಿರುತ್ತವೆ. ರಾಟೆಯನ್ನು ತೆಳು ತಾಮ್ರದ ತಂತಿ ಸುತ್ತಿ ಬಹಳ ಚೆನ್ನಾಗಿ ಮಾಡಿದ್ದಾರೆ. ಡೆಪ್ತ್ ಚಾರ್ಜ್‌ಗಳು ಮಾತ್ರ ಒಂದರಂತೆ ಒಂದಿಲ್ಲ, ಕೆಲವು ದಪ್ಪ, ಕೆಲವು ಸಣ್ಣ. ಬದಿಯಲ್ಲಿ ಬರೆದ ಜೆ243 ಎಂಬ ಸಂಖ್ಯೆ ಸರಿಯಾದ ಗಾತ್ರದಲ್ಲಿದೆ. ಬೂದು ಬಣ್ಣವನ್ನು ಹೊಳಪಿಲ್ಲದಂತೆ ತೆಳುವಾಗಿ ಮೂರು ಲೇಪ ಕೊಟ್ಟು ಉಜ್ಜಿರುವುದರಿಂದ ಮರದ ನಾರು ಎಲ್ಲೂ ಕಾಣುವುದಿಲ್ಲ.

ಇನ್ನು ಕೊರತೆಗಳು. ಡೆಕ್ಕಿನ ಅಂಚಿನ ಕಟಕಟೆಗೆ ಬಳಸಿದ ತಂತಿ ತೀರ ದಪ್ಪ. ಪ್ರಮಾಣದ ಲೆಕ್ಕಕ್ಕೆ ಹಿಡಿದರೆ ಅಷ್ಟು ದಪ್ಪದ ಕಂಬಿಯನ್ನು ಒಬ್ಬ ನಾವಿಕ ಎರಡು ಕೈಯಲ್ಲೂ ಹಿಡಿಯಲಾರ. ಇದನ್ನು ಮೊದಲೇ ಹೇಳಿದ್ದೆ. ತೆಳುವಾದ ತಂತಿ ಬೆಸುಗೆಯ ಶಾಖಕ್ಕೆ ಬಾಗುತ್ತದೆಂದು ಆಚಾರ್ರು ಹೇಳಿದರು, ಅದು ಸತ್ಯವೇ ಇರಬಹುದು, ಆದರೆ ಬೆಸುಗೆಯ ಬದಲು ಅಂಟು ಬಳಸಬಹುದಿತ್ತು. ಗಾಜಿನ ಪೆಟ್ಟಿಗೆಯನ್ನು ಅವರು ಬೇರೊಂದು ಅಂಗಡಿಯಿಂದ ಮಾಡಿಸಿ ತಂದರು. ಅದರ ಒಂದು ಮೂಲೆಯಲ್ಲಿ ಸಂದು ಉಳಿದು ಬೇಸಿಗೆಯ ಧೂಳೆಲ್ಲ ಒಳಗೆ ನುಗ್ಗಿತು. ಮಾದರಿಯನ್ನು ಶಾಲೆಗೆ ತಂದ ದಿನ ಕೂವೆಕಂಬದ ತುದಿ ಮುರಿದಿತ್ತು. ಗೂಡ್ಸ್ ಆಟೋದಲ್ಲಿ ಹಳೆಯ ಕಂಬಳಿಯ ಮೇಲಿಟ್ಟು ಕಳಿಸಿದರೆ ಇಷ್ಟು ಸೂಕ್ಷ್ಮವಾದ ಕೆಲಸ ಉಳಿಯುವುದು ಹೇಗೆ? ಕಂಬವನ್ನು ಅವರೇ ಬಂದು ಸರಿಮಾಡಿದರು, ಹಣ ಕೇಳಲಿಲ್ಲ. ತಡವಾದ ಬಗ್ಗೆ ಮಾತ್ರ ಬೇಸರವಿದೆ. ಮದುವೆಯ ಮಂಚ, ಹೊಸ ಮನೆಯ ಬಾಗಿಲು ಇಂತಹ ಕೆಲಸಗಳು ಬಂದಾಗಲೆಲ್ಲ ಹಡಗು ಮೂಲೆಗೆ ಹೋಗುತ್ತಿತ್ತು. ಕಸುಬಿನ ಅನಿವಾರ್ಯ ನನಗೆ ಅರ್ಥವಾಗುತ್ತದೆ. ಆದರೆ ತಡವಾಗುತ್ತದೆಂದು ಮೊದಲೇ ಒಂದು ಫೋನ್ ಮಾಡಿ ಹೇಳಿದ್ದರೆ ಗಣರಾಜ್ಯೋತ್ಸವದಂದು ಅನಾವರಣ ಮಾಡುವುದಾಗಿ ನಾವು ಹಳೆಯ ವಿದ್ಯಾರ್ಥಿಗಳಿಗೆಲ್ಲ ಮಾತು ಕೊಡುತ್ತಿರಲಿಲ್ಲ.

ಮಾದರಿ ಬಂದ ಮೇಲೆ ಅದನ್ನು ಪಾಠಕ್ಕೆ ಬಳಸುವ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೇನೆ, ಇದು ಇತರ ಶಿಕ್ಷಕರಿಗೂ ಉಪಯೋಗವಾಗಬಹುದು. ಗ್ರಂಥಾಲಯದ ನೆಲದ ಮೇಲೆ ಸೀಮೆಸುಣ್ಣದಿಂದ ಅದೇ ಪ್ರಮಾಣದಲ್ಲಿ ಹೊಕೊಕು ಮಾರುವಿನ ಆಕಾರ ಬರೆಯುತ್ತೇವೆ. ಆ ಹಡಗಿನ ಉದ್ದ 150 ಮೀಟರ್‌ಗೂ ಹೆಚ್ಚು, ಹೀಗಾಗಿ ಚಿತ್ರ ಒಂದೂವರೆ ಮೀಟರ್ ದಾಟುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಅಂತಹುದೇ ಚಿತ್ರ ಐಕೊಕು ಮಾರುವಿಗೆ. ಪೆಟ್ಟಿಗೆಯೊಳಗಿನ 59 ಸೆಂಟಿಮೀಟರ್ ಹಡಗಿನಿಂದ ಆ ಎರಡು ಚಿತ್ರಗಳವರೆಗೆ ಮಕ್ಕಳು ಕಣ್ಣು ಹಾಯಿಸುತ್ತಾರೆ. ಅನಂತರ ಐದೂ ಮುಕ್ಕಾಲು ಕೆ.ಜಿ. ತೂಕದ ಕಲ್ಲನ್ನು ಒಬ್ಬರ ಕೈಗೆ ಕೊಟ್ಟು, 38 ಕೆ.ಜಿ.ಯ ಗೊಬ್ಬರದ ಚೀಲವನ್ನು ಎತ್ತಲು ಇಬ್ಬರನ್ನು ಕರೆಯುತ್ತೇನೆ. ಆಮೇಲೆ ಕಾಳಗದ ಪಾಠ. ಬರೀ ಅಂಕಿಗಳನ್ನು ಹಲಗೆಯ ಮೇಲೆ ಬರೆದಾಗ ಎದ್ದೇಳದ ಪ್ರಶ್ನೆಗಳು ಆಗ ಏಳುತ್ತವೆ. ಹಡಗಿನ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಡೆಪ್ತ್ ಚಾರ್ಜ್‌ಗಳು ಸಿಡಿಯಲಿಲ್ಲವೇ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಮಾದರಿಯ ಹಿಂಭಾಗದಲ್ಲಿ ಆ ಪೀಪಾಯಿಗಳ ಸಾಲನ್ನು ಕಣ್ಣಾರೆ ಕಂಡದ್ದರಿಂದ ಮಾತ್ರ ಹುಟ್ಟಬಹುದಾದ ಪ್ರಶ್ನೆ ಅದು.

ಹಣದ ಲೆಕ್ಕಕ್ಕೆ ಬಂದರೆ, 22,000 ರೂಪಾಯಿಯಲ್ಲಿ ಪೆಟ್ಟಿಗೆಗೇ 5,000 ಹೋಗಿದೆ, ಅದು ದುಬಾರಿ. ಉಳಿದ 17,000ಕ್ಕೆ ಕೈಗೆಲಸದ ಇಂತಹ ಮಾದರಿ ಸಿಕ್ಕಿರುವುದು ನ್ಯಾಯವಾದ ಬೆಲೆ ಎಂದೇ ಹೇಳುತ್ತೇನೆ. ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್‌ಗಳಲ್ಲಿ ಪ್ರಸಿದ್ಧ ಹಡಗುಗಳು ಸಿಗುತ್ತವೆ, ಆದರೆ ಹನ್ನೆರಡು ಪೌಂಡರ್ ಫಿರಂಗಿಯ ಬೆಂಗಾಲ್ ಬೇಕೆಂದರೆ ಕೆತ್ತಿಸಿಯೇ ಪಡೆಯಬೇಕು. ಕಾರ್ಯಾಗಾರಕ್ಕೆ ಹೆಸರಿನ ಫಲಕವಿಲ್ಲ, ಜಾಲತಾಣವಿಲ್ಲ, ಬಾಯಿಂದ ಬಾಯಿಗೆ ಹೋದ ಮಾತೇ ಅವರ ಪ್ರಚಾರ. ಕೆಲಸ ಕೊಡುವವರು ನಕ್ಷೆ ಮತ್ತು ಛಾಯಾಚಿತ್ರಗಳನ್ನು ತಾವೇ ಒದಗಿಸಬೇಕು, ಯಾವ ದಿನಾಂಕದ ಹಡಗು ಎಂಬುದನ್ನು ಬರವಣಿಗೆಯಲ್ಲಿ ಕೊಡಬೇಕು, ಒಡಲು ಮುಗಿದಾಗ ಒಮ್ಮೆ ಮತ್ತು ಬಣ್ಣ ಹಚ್ಚುವ ಮುನ್ನ ಇನ್ನೊಮ್ಮೆ ಹೋಗಿ ಅಳತೆ ಹಿಡಿದು ನೋಡಬೇಕು. ಕಟಕಟೆಯ ತಂತಿಯನ್ನು ನೀವೇ ತಂದುಕೊಟ್ಟರೆ ಒಳ್ಳೆಯದು. ಗಾಜಿನ ಪೆಟ್ಟಿಗೆಯನ್ನು ಬೇರೆ ಕಡೆ ಮಾಡಿಸಿ.

ಇಷ್ಟಾದ ಮೇಲೂ ಎರಡನೆಯ ಹಡಗನ್ನು ಅದೇ ಆಚಾರ್ರಿಗೆ ಒಪ್ಪಿಸಿದ್ದೇವೆ. ಈ ಸಲ ಕಾವೇರಿ. 1943ರಲ್ಲಿ ಸ್ಕಾಟ್‌ಲ್ಯಾಂಡಿನ ‘ಯಾರೋ’ (Yarrow) ಎಂಬ ಹೆಸರಿನ ನೌಕಾಂಗಣದಲ್ಲಿ ಎಚ್‌ಎಂಐಎಸ್ ಕಾವೇರಿಯಾಗಿ ಹುಟ್ಟಿದ ಈ ಬೆಂಗಾವಲು ಹಡಗಿನಲ್ಲಿ 4 ಇಂಚಿನ ಜೋಡಿ ಫಿರಂಗಿಗಳು ಮೂರು ಕಡೆ ಇದ್ದವು. ಯುದ್ಧ ಮುಗಿದು, ದೇಶ ವಿಭಜನೆಯಾದಾಗ ಭಾರತದ ಪಾಲಿಗೆ ಉಳಿದು, 1961ರ ಡಿಸೆಂಬರ್‌ನ ಗೋವಾ ಕಾರ್ಯಾಚರಣೆಯಲ್ಲೂ ಅದು ಪಾಲ್ಗೊಂಡಿತು. ನಮ್ಮ ಪ್ರಮಾಣದಲ್ಲಿ ಉದ್ದ 95 ಸೆಂಟಿಮೀಟರ್ ಆಗುತ್ತದೆ. ದಿನಾಂಕ ಯಾವುದಿರಬೇಕೆಂದು ಈ ಬಾರಿ ಆಚಾರ್ರೇ ಮೊದಲು ಕೇಳಿದರು. 1961ರದ್ದೇ ಇರಲಿ ಎಂದು ಗೊತ್ತುಮಾಡಿ, ಮುಂಗಡ ಕೊಟ್ಟು, ಗಡುವನ್ನು ಕಾಗದದಲ್ಲಿ ಬರೆಸಿಕೊಂಡು ಬಂದಿದ್ದೇನೆ.